ಸುಮ್ಮಣ್ಣ ಏನು ತಿನ್ನುತ್ತಾನೆ?

ಮೊದಲು ನಾನು ಸೋತ ಕಥೆ ಹೇಳಿಬಿಡುತ್ತೇನೆ. ಪಾತ್ರ ವಹಿಸಿಕೊಂಡು ಕಥೆ ಕಟ್ಟುವ ಆಟವೊಂದರಲ್ಲಿ ಮೊದಲ ಸಲ ಡಂಜನ್ ಮಾಸ್ಟರ್ ಆಗಿ, ಅಂದರೆ ಆಟ ನಡೆಸುವವನಾಗಿ ಕೂತಾಗ ನಾನೊಂದು ಲೋಕ ಬರೆದುಕೊಂಡು ಹೋಗಿದ್ದೆ. 40 ಪುಟ. ಆ ಲೋಕಕ್ಕೆ ಮೂರು ಚಂದ್ರ. ಮೂರಕ್ಕೂ ಬೇರೆ ಬೇರೆ ಪಂಚಾಂಗ. ಹನ್ನೊಂದು ರಾಜಮನೆತನ, ಅವರ ಮುತ್ತಾತಂದಿರ ಜಗಳ, ಯಾರು ಯಾರ ಕೋಟೆಗೆ ಯಾವಾಗ ಬೆಂಕಿ ಇಟ್ಟರು, ಎಲ್ಲ ಬರೆದಿದ್ದೆ. ನಾಲ್ಕು ತಿಂಗಳು ರಾತ್ರಿ ಕೂತು ಬರೆದದ್ದು.

ಆಟಗಾರರು ಆ ಲೋಕದ ಒಂದು ಊರ ಬಾಗಿಲಿಗೆ ಬಂದರು. ನಮ್ಮ ಗುಂಪಿನಲ್ಲಿ ಒಬ್ಬಳು ನರ್ಸ್ ಇದ್ದಾಳೆ. ನೈಟ್ ಡ್ಯೂಟಿ ಮುಗಿಸಿ ಸೀದಾ ಬಂದಿದ್ದಳು, ಹಸಿದಿದ್ದಳು ಅಂತ ಕಾಣುತ್ತೆ. "ಅಣ್ಣಾ, ಈ ಊರಲ್ಲಿ ಊಟಕ್ಕೆ ಏನು ಸಿಗುತ್ತೆ?" ಅಂತ ಕೇಳಿದಳು. 40 ಪುಟದಲ್ಲಿ ಎಲ್ಲೂ ಊಟದ ಮಾತಿಲ್ಲ. ಬಾಯಿಗೆ ಬಂದದ್ದು "ಮುದ್ದೆ". ಮೂರು ಚಂದ್ರರ ಲೋಕದಲ್ಲಿ ಮುದ್ದೆ! ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಆ ಸಂಜೆ ಪೂರ್ತಿ ಮುದ್ದೆಯ ಮೇಲೇ ಆಟ ನಡೆಯಿತು. ರಾಗಿ ಯಾರು ಬೆಳೆಯುತ್ತಾರೆ? ರಾತ್ರಿಯೂ ಅಷ್ಟು ಬೆಳಕಿದ್ದರೆ ಹಕ್ಕಿಗಳು ತೆನೆ ಬಿಡುತ್ತವಾ? ಹಾಗಾದರೆ ರಾತ್ರಿ ಪಾಳಿಯಲ್ಲಿ ಹೊಲ ಕಾಯುವವರು ಯಾರು? ಅವರಿಗೆ ಕೂಲಿ ಎಷ್ಟು? ಕೊನೆಗೆ ನನ್ನ ಆಟಗಾರರು ಹೊಲ ಕಾಯುವವರ ಸಂಘ ಕಟ್ಟಿ ಮುಷ್ಕರ ಹೂಡಿದರು. ಹನ್ನೊಂದು ರಾಜಮನೆತನ ಈಗಲೂ ನನ್ನ ಲ್ಯಾಪ್‌ಟಾಪಿನಲ್ಲೇ ಇದೆ. ಒಬ್ಬ ರಾಜನನ್ನೂ ಯಾರೂ ಭೇಟಿ ಮಾಡಲಿಲ್ಲ.

ಆವತ್ತು ಬೇಜಾರಾಗಿತ್ತು. ಈಗ ಅನ್ನಿಸುತ್ತದೆ, ಆ ಹುಡುಗಿ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಳು. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದೂ ಅದನ್ನೇ. ಬೇರೆ ಲೋಕ ಕಟ್ಟಬೇಕಾದರೆ ಒಂದೇ ಒಂದು ಕಾನೂನು ಬದಲಾಯಿಸಿ. ಆಮೇಲೆ ಹೊಟ್ಟೆಯ ಹಿಂದೆ ಹೋಗಿ.

ಈ ಆಟ ಆಡದವರೂ ಇಲ್ಲಿ ಇದ್ದೀರಿ. ನಿಮಗಾಗಿ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರಿಗೂ ಒಂದು ಪಾತ್ರ. ಒಬ್ಬ ಮಂತ್ರವಾದಿ, ಒಬ್ಬಳು ಬೀಗ ಒಡೆಯುವವಳು, ಹೀಗೆ. ಆಟ ನಡೆಸುವವನು "ನಿಮ್ಮ ಮುಂದೆ ಒಂದು ಬಾವಿ ಇದೆ" ಅನ್ನುತ್ತಾನೆ. "ನಾನು ಬಗ್ಗಿ ನೋಡುತ್ತೇನೆ" ಅಂತ ಒಬ್ಬಳು ಹೇಳುತ್ತಾಳೆ. ಆಗುತ್ತೋ ಇಲ್ವೋ ಅನ್ನುವ ಕಡೆ 20 ಮುಖದ ದಾಳ ಉರುಳುತ್ತದೆ. ಅಷ್ಟೇ ಆಟ. ಇದರಲ್ಲಿ ಎಲ್ಲಕ್ಕಿಂತ ಹೆಸರುವಾಸಿಯಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಹೊರಬಂತು. ಮಾಡಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಒಂದು ಡಬ್ಬದಲ್ಲಿ ಮೂರು ಸಣ್ಣ ಪುಸ್ತಕ. ಮೊದಲ ಮುದ್ರಣ ಬರೀ 1000 ಪ್ರತಿ.

ಆ ಕಾಲದ ಒಂದು ಸಂಗತಿ ನನಗೆ ತುಂಬಾ ಇಷ್ಟ. ಇವರೆಲ್ಲ ಮೊದಲು ಸಣ್ಣ ಸಣ್ಣ ಸೈನಿಕರ ಗೊಂಬೆ ಇಟ್ಟುಕೊಂಡು ಯುದ್ಧದ ಆಟ ಆಡುತ್ತಿದ್ದವರು. ಸೈನಿಕರ ಗೊಂಬೆ ಬೇಕಾದಷ್ಟು ಸಿಗುತ್ತಿತ್ತು. ವಿಚಿತ್ರ ಪ್ರಾಣಿಗಳ ಗೊಂಬೆ ಸಿಗುತ್ತಿರಲಿಲ್ಲ. ಗೈಗ್ಯಾಕ್ಸ್ ಅಗ್ಗದ ಅಂಗಡಿಯಿಂದ ಹಾಂಗ್‌ಕಾಂಗ್‌ನಲ್ಲಿ ಮಾಡಿದ ಪ್ಲಾಸ್ಟಿಕ್ ಆಟಿಕೆಗಳ ಪೊಟ್ಟಣ ತಂದರು. ಇತಿಹಾಸಕ್ಕಿಂತ ಹಿಂದಿನ ಪ್ರಾಣಿಗಳು ಅಂತ ಮಾರುತ್ತಿದ್ದ ಪೊಟ್ಟಣ. ಆದರೆ ಆ ಥರದ ಪ್ರಾಣಿ ಯಾವ ಕಾಲದಲ್ಲೂ ಭೂಮಿ ಮೇಲೆ ಇರಲಿಲ್ಲ. ನಮ್ಮ ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ಡೈನೋಸಾರ್ ನೋಡಿದ್ದೀರಲ್ಲ, ಅದಕ್ಕಿಂತ ವಿಚಿತ್ರ. ಒಂದರ ಬಾಲದ ತುದಿಯಲ್ಲಿ ಫ್ಯಾನಿನ ರೆಕ್ಕೆಯಂಥದ್ದು ಇತ್ತು. ಆ ಗೊಂಬೆಯಿಂದ ಹುಟ್ಟಿದ್ದು ರಸ್ಟ್ ಮಾನ್‌ಸ್ಟರ್. ನಾನು ಅದನ್ನು ತುಕ್ಕುಮೂತಿ ಅನ್ನುತ್ತೇನೆ. ಇನ್ನೆರಡು ಗೊಂಬೆಯಿಂದ ಗೂಬೆಕರಡಿ ಹುಟ್ಟಿತು, ನೆಲದೊಳಗೆ ಈಜುವ ಬುಲೆಟ್ ಅನ್ನುವ ಪ್ರಾಣಿ ಹುಟ್ಟಿತು. 50 ವರ್ಷ ಆದರೂ ಆ ಮೂರೂ ಆಟದಲ್ಲಿವೆ.

ತುಕ್ಕುಮೂತಿಯನ್ನೇ ನೋಡಿ. ಅದರ ಮೀಸೆ ತಗುಲಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಆ ತುಕ್ಕನ್ನು ಅದು ತಿನ್ನುತ್ತದೆ. ನಿಮ್ಮನ್ನು ತಿನ್ನಬೇಕು ಅಂತ ಅದಕ್ಕೆ ಆಸೆಯೇ ಇಲ್ಲ. ಆದರೂ ಅದು ಬಂದರೆ ಆಟಗಾರರು ಡ್ರ್ಯಾಗನ್‌ಗಿಂತ ಜಾಸ್ತಿ ಹೆದರುತ್ತಾರೆ! ಸತ್ತರೆ ಸಾಯಲಿ ಬಿಡು ಅನ್ನುವ ಧೀರ, ಆರು ತಿಂಗಳು ಆಡಿ ಸಂಪಾದಿಸಿದ ಕತ್ತಿ ಹೋಗುತ್ತದೆ ಅಂದರೆ ಎದ್ದು ಓಡುತ್ತಾನೆ. ಹುಷಾರಿ ಆಟಗಾರ್ತಿ ಒಂದು ಹಿಡಿ ಮೊಳೆ ಎಸೆದು ಪಾರಾಗುತ್ತಾಳೆ. ಇನ್ನೂ ಹುಷಾರಿಯಾದವಳು ಅದನ್ನು ಸಾಕಿಕೊಂಡು ಜೈಲಿನ ಸರಳಿನ ಹತ್ತಿರ ಬಿಡುತ್ತಾಳೆ. ಗಮನಿಸಿದಿರಾ? ಅದಕ್ಕೆ ಎಷ್ಟು ಕಣ್ಣು, ಯಾವ ಬಣ್ಣ ಅಂತ ನಾನು ಹೇಳಲೇ ಇಲ್ಲ. ಏನು ತಿನ್ನುತ್ತದೆ ಅಂತ ಹೇಳಿದೆ. ಅದರಿಂದಲೇ ಜಗಳ, ಉಪಾಯ, ಸ್ನೇಹ ಎಲ್ಲ ಹುಟ್ಟಿತು.

ಇನ್ನೊಂದಿದೆ, ಜೆಲಾಟಿನಸ್ ಕ್ಯೂಬ್. ನೋಡಲು ಜೆಲ್ಲಿ ತುಂಡು. ಅಗಲ 10 ಅಡಿ, ಎತ್ತರ 10 ಅಡಿ, ಉದ್ದ 10 ಅಡಿ. ಯಾಕೆ 10? ಆಗ ನೆಲಮಾಳಿಗೆಯ ನಕ್ಷೆಯನ್ನು ಗ್ರಾಫ್ ಹಾಳೆಯಲ್ಲಿ ಬರೆಯುತ್ತಿದ್ದರು. ಒಂದು ಚೌಕ ಅಂದರೆ 10 ಅಡಿ. ಓಣಿಗಳೂ 10 ಅಡಿ ಅಗಲ. ಈ ಜೆಲ್ಲಿ ಓಣಿಗೆ ಸರಿಯಾಗಿ ಕೂರುತ್ತದೆ. ಗೋಡೆಯಿಂದ ಗೋಡೆಗೆ ತುಂಬಿಕೊಂಡು ಜಾರುತ್ತಾ, ಸಿಕ್ಕಿದ್ದನ್ನೆಲ್ಲ ಕರಗಿಸಿ ತಿನ್ನುತ್ತಾ ಹೋಗುತ್ತದೆ. ಸಾವಿರ ವರ್ಷದಿಂದ ಯಾರೂ ಕಾಲಿಡದ ನೆಲಮಾಳಿಗೆಯಲ್ಲಿ ಕಸ ಯಾಕಿಲ್ಲ ಅನ್ನುವ ಪ್ರಶ್ನೆಗೆ ಉತ್ತರ ಇದೇ. ಪೌರಕಾರ್ಮಿಕ ಪ್ರಾಣಿ! ಜೀವಿ ತನ್ನ ಜಾಗಕ್ಕೆ ಹೊಂದಿಕೊಂಡು ಹುಟ್ಟುತ್ತದೆ ಅನ್ನುವುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮಲ್ಲಿ ಪ್ರಾಣಿ ಜೋಡಿಸುವ ಕಲೆ ಹಳೆಯದು. ಹಳೇಬೀಡಿಗೆ ಹೋದಾಗ ಗೈಡು ಮಕರ ತೋರಿಸಿ ಎಣಿಸುತ್ತಾರೆ: ಮೊಸಳೆ ಬಾಯಿ, ಆನೆ ಸೊಂಡಿಲು, ಹಂದಿ ಮೈ, ಸಿಂಹದ ಕಾಲು, ಕೋತಿ ಕಣ್ಣು, ಹಸು ಕಿವಿ, ನವಿಲು ಬಾಲ. ಒಟ್ಟು ಏಳು. ಕಲ್ಲಿನ ಮೇಲೆ ಅದ್ಭುತ. ಆದರೆ ಹೊಸದಾಗಿ ಪ್ರಾಣಿ ಕಟ್ಟುವವರು ಅಲ್ಲೇ ನಿಂತುಬಿಡುತ್ತಾರೆ. ನನ್ನ ಹತ್ತಿರ ಬರುವ ಹುಡುಗರು ಅಂಥದ್ದನ್ನೇ ತರುತ್ತಾರೆ. "ಸಾರ್, ಚಿರತೆ ತಲೆ, ಹದ್ದಿನ ರೆಕ್ಕೆ, ಚೇಳಿನ ಬಾಲ." ಸರಿಯಪ್ಪಾ, ಬೆಳಿಗ್ಗೆ ಎದ್ದು ಏನು ಮಾಡುತ್ತೆ? ಗೊತ್ತಿಲ್ಲ.

ನೀವು ಬೇಲೂರಿನಲ್ಲಿ ಇನ್ನೊಂದು ಶಿಲ್ಪ ನೋಡಬೇಕು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನ. ಅಲ್ಲಿ ಸಾಲಾಗಿ ಒಂದನ್ನೊಂದು ಹಿಡಿದ ಪ್ರಾಣಿಗಳಿವೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ. ಹೆಬ್ಬಾವನ್ನು ಆನೆ ಎತ್ತಿದೆ. ಆನೆ ಮೇಲೆ ಸಿಂಹ. ಸಿಂಹದ ಮೇಲೆ ಶರಭ. ಶರಭನನ್ನು ಎರಡು ತಲೆಯ ಗಂಡಭೇರುಂಡ ಹಿಡಿದಿದೆ. ಜಿಂಕೆ, ಹೆಬ್ಬಾವು, ಆನೆ, ಸಿಂಹ ನಾವು ಕಂಡವು. ಕೊನೆಯ ಎರಡು ಕಾಣದವು. ಆದರೆ ಕಂಡದ್ದರಿಂದ ಕಾಣದ್ದಕ್ಕೆ ಹೋಗುವಾಗ ಎಲ್ಲೂ ಎಡವುವುದಿಲ್ಲ ನೋಡಿ. ಯಾಕೆಂದರೆ ಎಲ್ಲವನ್ನೂ ಕಟ್ಟಿರುವ ದಾರ ಒಂದೇ, ಯಾರು ಯಾರನ್ನು ಹಿಡಿಯುತ್ತಾರೆ ಅನ್ನುವುದು. ಗಂಡಭೇರುಂಡ ನಮ್ಮ ರಾಜ್ಯದ ಲಾಂಛನದಲ್ಲಿದೆ, ಬಸ್ಸಿನ ಮೇಲಿದೆ, ಅದನ್ನು ನೋಡಿ ನೋಡಿ ನಮಗೆ ಅಭ್ಯಾಸ ಆಗಿದೆ. ಬೇಲೂರಿನಲ್ಲಿ ನೋಡಿದರೆ ಮಾತ್ರ ಅದರ ಸೈಜ್ ಗೊತ್ತಾಗುತ್ತದೆ. ಆನೆಯನ್ನು ಹಿಡಿದವನನ್ನು ಹಿಡಿದವನನ್ನು ಹಿಡಿದದ್ದು ಅದು.

ಈಗ ಲೋಕಗಳಿಗೆ ಬರೋಣ. ಇಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮಾಡಿದ್ದರಲ್ಲಿ ನನಗೆ ಸ್ವಲ್ಪ ತಕರಾರಿದೆ. ಆ ಆಟದಲ್ಲಿ ಪ್ರತಿ ಪಾತ್ರಕ್ಕೂ ಒಂದು ಸ್ವಭಾವ ಇರುತ್ತದೆ. ಒಂದು ಕಡೆ ಶಿಸ್ತು, ನಡುವಿನದು, ಅಂಕೆಯಿಲ್ಲದ್ದು. ಇನ್ನೊಂದು ಕಡೆ ಒಳ್ಳೆಯದು, ನಡುವಿನದು, ಕೆಟ್ಟದ್ದು. ಮೂರು ಮೂರಲ ಒಂಬತ್ತು. 1978ರ ಆಟಗಾರರ ಕೈಪಿಡಿಯ ಹೊತ್ತಿಗೆ ಈ ಕೋಷ್ಟಕಕ್ಕೆ ತಕ್ಕಂತೆ ಹೊರಗಿನ ಲೋಕಗಳನ್ನು ಚಕ್ರದ ಥರ ಸುತ್ತಲೂ ಜೋಡಿಸಿದ್ದರು. ನಟ್ಟನಡುವಿನದೊಂದನ್ನು ಬಿಟ್ಟು ಒಂದೊಂದು ಸ್ವಭಾವಕ್ಕೆ ಒಂದು ಲೋಕ. ಎರಡರ ಸಂದಿಗೂ ಒಂದು ಲೋಕ. ಒಟ್ಟು 16. ಒಳಗೆ ಬೆಂಕಿ, ನೀರು, ಗಾಳಿ, ಮಣ್ಣು, ಇವಕ್ಕೆ ಒಂದೊಂದು. ನೋಡಲು ಅಚ್ಚುಕಟ್ಟು. ನನಗೆ ಅದು ಖಾಲಿ ಮನೆ ತುಂಬಿಸಿದ ಹಾಗೆ ಕಾಣುತ್ತದೆ. ಕೋಷ್ಟಕದಲ್ಲಿ ಚೌಕ ಇದೆ, ಅದಕ್ಕೇ ಲೋಕ ಇದೆ. ಅಲ್ಲಿ ಹೋಗಿ ಮಾಡುವುದೇನು?

ಬೆಂಕಿ ಲೋಕವನ್ನೇ ತಗೊಳ್ಳಿ. ಹೋದ ತಕ್ಷಣ ಸುಟ್ಟುಹೋಗುತ್ತೀರಿ. ಸುಡದ ಹಾಗೆ ಮಂತ್ರ ಹಾಕಿಕೊಂಡು ಹೋದರೆ ಎದುರಿಗೆ ಬೆಂಕಿ. ಎಡಕ್ಕೆ ಬೆಂಕಿ. ಬಲಕ್ಕೂ ಅದೇ. ಎಷ್ಟು ಹೊತ್ತು ನೋಡುತ್ತೀರಿ? ಆ ಲೋಕದಲ್ಲಿ ಜನ ನೆನಪಿಟ್ಟುಕೊಂಡಿರುವುದು ಒಂದೇ ಜಾಗ, ಹಿತ್ತಾಳೆ ಪಟ್ಟಣ. ಅರಬ್ಬರ ಕಥೆಗಳಿಂದ ಬಂದ ಪಟ್ಟಣ ಅದು. ಯಾಕೆ ನೆನಪಿದೆ? ಅಲ್ಲಿ ಕಾಲಿಡಲು ನೆಲ ಇದೆ, ಸಂತೆ ಇದೆ, ಚೌಕಾಸಿ ಇದೆ. ಮತ್ತೆ ಅದೇ ನೋಡಿ, ಊಟದ ಪ್ರಶ್ನೆ.

1994ರಲ್ಲಿ ಡೇವಿಡ್ ಕುಕ್ ಅನ್ನುವವರು ಪ್ಲೇನ್‌ಸ್ಕೇಪ್ ಅಂತ ಅದೇ ಲೋಕಗಳನ್ನು ಮತ್ತೆ ಕಟ್ಟಿದರು. ಹಳೆಯ ಚಕ್ರ ಹಾಗೇ ಇಟ್ಟುಕೊಂಡು ಅದರೊಳಗೆ ಒಂದು ಕಾನೂನು ಹಾಕಿದರು. ಅಲ್ಲಿ ಜನ ಏನು ನಂಬುತ್ತಾರೋ ಅದರ ಪ್ರಕಾರ ನೆಲ ಜರುಗುತ್ತದೆ. ಎರಡು ಲೋಕದ ಗಡಿಯಲ್ಲಿ ಬಾಗಿಲೂರುಗಳಿವೆ. ಆ ಊರಿನವರ ನಡತೆ, ನಂಬಿಕೆ ಆಚೆ ಲೋಕದವರ ಥರ ಆಗಿಬಿಟ್ಟರೆ ಇಡೀ ಊರು ಜಾರಿ ಆಚೆಗೆ ಸೇರಿಹೋಗುತ್ತದೆ. ಮನೆ, ಬಾವಿ, ಸಂತೆ ಸಮೇತ. ಈಗ ಆಟಗಾರರಿಗೆ ಕೆಲಸ ಸಿಕ್ಕಿತಲ್ಲ! ಒಂದು ಊರನ್ನು ಉಳಿಸಲು ಕತ್ತಿ ಬೇಡ. ಕಟ್ಟೆ ಮೇಲೆ ಕೂತು ಮಾತಾಡಬೇಕು, ಗಾಳಿಸುದ್ದಿ ಹಬ್ಬಿಸಬೇಕು, ಜನರ ಮನಸ್ಸು ತಿರುಗಿಸಬೇಕು. 16 ಲೋಕ ಬರೆದದ್ದಕ್ಕಿಂತ ಈ ಒಂದು ಸಾಲು ದೊಡ್ಡದು ಅಂತ ನನ್ನ ಲೆಕ್ಕ.

ಒಂದು ಕಾನೂನು ಬದಲಾಯಿಸುವುದು ಅಂದೆನಲ್ಲ, ಅದನ್ನು ನಮ್ಮವರು ಯಾವತ್ತೋ ಮಾಡಿದ್ದಾರೆ. ಅತಲ, ವಿತಲ, ಸುತಲ, ತಲಾತಲ, ಮಹಾತಲ, ರಸಾತಲ, ಪಾತಾಳ ಅಂತ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿಸುತ್ತಿದ್ದರು. ಪಾತಾಳ ಅಂದರೆ ಕತ್ತಲ ಕೂಪ ಅಂತ ನಾನು ಅಂದುಕೊಂಡಿದ್ದೆ. ವಿಷ್ಣು ಪುರಾಣದಲ್ಲಿ ಬೇರೆಯೇ ಇದೆ. ನಾರದ ಅಲ್ಲಿಗೆ ಹೋಗಿ ಬಂದು, ಸ್ವರ್ಗಕ್ಕಿಂತ ಪಾತಾಳವೇ ಚೆಂದ ಅನ್ನುತ್ತಾನೆ. ಅಲ್ಲಿ ಸೂರ್ಯನಿಂದ ಬೆಳಕಿದೆ, ಬಿಸಿ ಇಲ್ಲ. ಚಂದ್ರನಿಂದ ಬೆಳಕಿದೆ, ಚಳಿ ಇಲ್ಲ. ಎಷ್ಟು ಸಣ್ಣ ಬದಲಾವಣೆ! ಆದರೆ ಯೋಚಿಸುತ್ತಾ ಹೋಗಿ. ಬಿಸಿಯಿಲ್ಲದ ಬಿಸಿಲಲ್ಲಿ ಹಪ್ಪಳ ಒಣಗುತ್ತಾ? ಬಟ್ಟೆ? ಭತ್ತ? ಮಳೆ ಎಲ್ಲಿಂದ ಬರುತ್ತೆ? ಒಂದು ಸಂಜೆಯ ಆಟಕ್ಕೆ ಸಾಕು.

ಜೈನರ ಕೆಳಗಿನ ಏಳು ಭೂಮಿಗಳು ಇನ್ನೂ ನಾಜೂಕು. ರತ್ನಪ್ರಭೆ, ಶರ್ಕರಾಪ್ರಭೆ, ವಾಲುಕಾಪ್ರಭೆ, ಪಂಕಪ್ರಭೆ, ಧೂಮಪ್ರಭೆ, ತಮಃಪ್ರಭೆ, ಮಹಾತಮಃಪ್ರಭೆ. ಸುಮ್ನೆ ಹೆಸರು ಕೇಳಿ. ರತ್ನ, ಕಲ್ಲುಹರಳು, ಮರಳು, ಕೆಸರು, ಹೊಗೆ, ಕತ್ತಲೆ, ಕಗ್ಗತ್ತಲೆ. ಇಳಿಯುತ್ತಾ ಇಳಿಯುತ್ತಾ ಕಾಲ ಕೆಳಗಿನ ನೆಲ ಕರಗುತ್ತಾ ಹೋಗುತ್ತದೆ. ಮೇಲಿನ ನರಕಗಳಲ್ಲಿ ಸುಡುವ ಸೆಕೆ, ತೀರ ಕೆಳಗೆ ಕೊರೆಯುವ ಚಳಿ. ನಕ್ಷೆಯೇ ಬೇಡ, ಯಾವ ಮಹಡಿಯಲ್ಲಿದ್ದೀರಿ ಅಂತ ಕಾಲಿಗೇ ಗೊತ್ತಾಗುತ್ತದೆ.

ನನ್ನದೇ ಒಂದು ಲೋಕವನ್ನು ಬಿಚ್ಚಿ ತೋರಿಸುತ್ತೇನೆ. ಹೆಸರು ಉಲಿಬೈಲು. ಉಲಿ ಅಂದರೆ ಸದ್ದು, ದನಿ. ಬೈಲು ಗೊತ್ತೇ ಇದೆ. ಹೆಸರಿಡುವಾಗ ನಾನು ಬಾಯಿ ತಿರುಗದ ಅಕ್ಷರ ಜೋಡಿಸುವುದಿಲ್ಲ. ಕ್ಸಾರ್ಥಾಲ್ ಅಂತ ಇಟ್ಟರೆ ಮುಂದಿನ ವಾರಕ್ಕೆ ಯಾರಿಗೂ ನೆನಪಿರಲ್ಲ. ನಮ್ಮ ಊರ ಹೆಸರುಗಳ ಬಾಲ ನೋಡಿ, ಕೆರೆ, ಕಟ್ಟೆ, ಕೊಪ್ಪ, ಬೈಲು. ಹೆಸರಲ್ಲೇ ನೆಲ ಇದೆ. ಅದನ್ನು ಬಿಟ್ಟು ಬೇರೆ ಎಲ್ಲಿಗೆ ಹೋಗುವುದು?

ಉಲಿಬೈಲಿನ ಕಾನೂನು ಒಂದೇ. ಅಲ್ಲಿ ಸದ್ದು ಮಾಯವಾಗುವುದಿಲ್ಲ. ಆಡಿದ ಮಾತು, ಕೆಮ್ಮು, ಕತ್ತಿ ತಾಗಿದ ಸದ್ದು, ಎಲ್ಲ ಧೂಳಿನ ಥರ ಕೆಳಗೆ ಇಳಿದು ನೆಲದ ಮೇಲೆ ಕೂರುತ್ತದೆ. ಅದರ ಮೇಲೆ ಕಾಲಿಟ್ಟರೆ ಮತ್ತೆ ಕೇಳಿಸುತ್ತದೆ. ಅಷ್ಟೇ. ಮೊದಲು ನಾನು ಇದಕ್ಕೆ ನೇರಳೆ ಆಕಾಶ, ತೇಲುವ ಗುಡ್ಡ ಎಲ್ಲ ಸೇರಿಸಿದ್ದೆ. ಆಮೇಲೆ ಹೊಡೆದುಹಾಕಿದೆ. ಒಂದು ವಿಚಿತ್ರ ಇದ್ದರೆ ಆಟಗಾರರು ಅದನ್ನು ಹಿಡಿದು ಯೋಚಿಸುತ್ತಾರೆ. ನಾಲ್ಕು ಇದ್ದರೆ ಬರೀ ನೋಡುತ್ತಾರೆ.

ಈಗ ಯೋಚಿಸಿ. ಅಂಥ ಊರಲ್ಲಿ ಬದುಕು ಹೇಗೆ? ಬೆಳಿಗ್ಗೆ ಎದ್ದು ಅಂಗಳ ಗುಡಿಸಿದರೆ ನಿನ್ನೆಯ ಮಾತೆಲ್ಲ ಗುಡಿಸಬೇಕು. ಸಂತೆ ಊರಿಂದ ಎರಡು ಹರದಾರಿ ದೂರ. ವಾಲಗ ಊದಿಸಿ ಮದುವೆ ಮಾಡಿದ ಮೈದಾನದಲ್ಲಿ ವರ್ಷಗಟ್ಟಲೆ ಯಾರೂ ಓಡಾಡಲಾರರು. ಗುಟ್ಟು ಹೇಳಬೇಕಾದರೆ ನೀರಿಗೆ ಇಳಿದು ಹೇಳಬೇಕು. ಇದಿಷ್ಟು ನಾನು ಬರೆದದ್ದು. ನಮ್ಮ ಗುಂಪಿನಲ್ಲಿ ಒಬ್ಬರು ಹೈಸ್ಕೂಲ್ ಮೇಷ್ಟ್ರು ಇದ್ದಾರೆ. ಅವರು ಕೇಳಿದರು, "ಮಳೆ ಬಂದರೆ?" ನಾನು ಯೋಚಿಸಿರಲಿಲ್ಲ. ಅವರೇ ಹೇಳಿದರು. "ಕೊಚ್ಚಿಕೊಂಡು ಹೋಗುತ್ತೆ. ಮೇಲಿನ ಕೇರಿಯವರ ಜಗಳವೆಲ್ಲ ಕೆಳಗಿನ ಕೇರಿಯವರ ಮನೆಗೆ ನುಗ್ಗುತ್ತೆ." ಮೇಜಿನ ಸುತ್ತ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆ ಒಂದು ಮಾತಿನಿಂದ ಉಲಿಬೈಲಿಗೆ ಮೇಲಿನ ಕೇರಿ, ಕೆಳಗಿನ ಕೇರಿ ಬಂತು. ರಾಜಕೀಯ ಬಂತು. ಮಳೆಗಾಲ ಬಂದರೆ ಭಯ ಬಂತು. ಇದಕ್ಕೇ ನಾನು 40 ಪುಟ ಬರೆಯುವುದು ಬಿಟ್ಟದ್ದು. ಎಲ್ಲ ತುಂಬಿಸಿ ಇಟ್ಟರೆ ಮೇಷ್ಟ್ರಿಗೆ ಜಾಗ ಎಲ್ಲಿರುತ್ತಿತ್ತು?

ಆಟದಲ್ಲಿ ಇದನ್ನು ಕೈಗೆ ಸಿಗುವ ಹಾಗೆ ಮಾಡಬೇಕಲ್ಲ. ಅದಕ್ಕೆ ಹುಣಸೆಬೀಜ ತಂದೆ. ಅಳಗುಳಿ ಮಣೆಗೆ ಅಂತ ಅಮ್ಮ ಡಬ್ಬದಲ್ಲಿ ಕೂಡಿಟ್ಟಿದ್ದವು. ಯಾರಾದರೂ ಸದ್ದಾಗುವ ಕೆಲಸ ಮಾಡಿದರೆ ನಕ್ಷೆಯ ಆ ಚೌಕದಲ್ಲಿ ಒಂದು ಬೀಜ. ಐದು ಬೀಜ ಸೇರಿದರೆ ಅಲ್ಲಿ ಸದ್ದು ಮೊಣಕಾಲುದ್ದ, ನಡೆಯುವ ವೇಗ ಅರ್ಧ. ಒಂದು ಹೊಡೆದಾಟ ಮುಗಿಯುವ ಹೊತ್ತಿಗೆ ನಕ್ಷೆ ತುಂಬ ಬೀಜ. ಮಂತ್ರವಾದಿ ಸಿಡಿಲು ಹಾಕಿ ತಾನೇ ಅದರಲ್ಲಿ ಹೂತುಹೋದ. ಸ್ವಲ್ಪ ಹೊತ್ತಿನಲ್ಲಿ ನಮ್ಮವರು ನಿಜವಾಗಿಯೂ ಪಿಸುಗುಟ್ಟಲು ಶುರು ಮಾಡಿದರು. ಪಿಸುಮಾತಿಗೆ ಬೀಜ ಇಲ್ಲ ಅಂತ ನಾನು ಹೇಳಿದ್ದೆನಾ? ಇಲ್ಲ. ತಾವೇ ಅಂದುಕೊಂಡರು. ಯಾರ ಮನೆಯಲ್ಲಿ ಆಡುತ್ತಿದ್ದೆವೋ ಅವರ ತಾಯಿ, ಇಷ್ಟು ಹೊತ್ತು ಗಲಾಟೆ ಇಲ್ಲವಲ್ಲ, ಮಲಗಿಬಿಟ್ಟರಾ ಅಂತ ಬಾಗಿಲು ತೆಗೆದು ನೋಡಿ ಹೋದರು.

ಇನ್ನು ಅಲ್ಲಿ ಬದುಕುವ ಪ್ರಾಣಿಗಳು. ನೆಲದ ಮೇಲೆ ಸದ್ದು ಹುಲ್ಲಿನ ಹಾಗೆ ಬಿದ್ದಿದ್ದರೆ ಅದನ್ನು ಮೇಯುವವರು ಇರಲೇಬೇಕು. ಅವೇ ಮೆಲುಕಗಳು. ಎಮ್ಮೆಕರುವಿನಷ್ಟು ದೊಡ್ಡವು, ಉದ್ದ ನಾಲಿಗೆ. ಹಗಲು ಸದ್ದು ನೆಕ್ಕಿ ನುಂಗುತ್ತವೆ. ಸಂಜೆ ಮಲಗಿ ಮೆಲುಕು ಹಾಕುತ್ತವೆ. ಮೆಲುಕು ಹಾಕುವಾಗ ನುಂಗಿದ ಮಾತು ಹೊರಗೆ ಬರುತ್ತದೆ, ನಿಧಾನವಾಗಿ, ಒಂದಕ್ಕೊಂದು ಕಲೆಸಿಕೊಂಡು. ಮೆಲುಕು ಹಾಕುವುದಕ್ಕೆ ಕನ್ನಡದಲ್ಲಿ ಎರಡು ಅರ್ಥ ಇದೆ ಅಲ್ವಾ? ಅದನ್ನೇ ನಾನು ಪ್ರಾಣಿ ಮಾಡಿದೆ. ನಿಮಗೆ ಜೀವಿ ಬೇಕಾದಾಗ ಮೊದಲು ನಿಮ್ಮ ಭಾಷೆಯೊಳಗೆ ಹುಡುಕಿ. ಅಲ್ಲಿ ಎಷ್ಟೋ ಪ್ರಾಣಿಗಳು ಸುಮ್ನೆ ಮಲಗಿವೆ.

ಮೆಲುಕ ಬಂದದ್ದೇ ಊರಿಗೊಂದು ಕಸುಬು ಬಂತು. ಹಿಂಡು ಕಾಯುವವರು ಊರಿನ ಗುಟ್ಟು ಬಲ್ಲವರಾದರು. ಗೂಢಚಾರರು ಸಂಜೆ ಹೊತ್ತು ಕೊಟ್ಟಿಗೆ ಬಾಡಿಗೆಗೆ ಹಿಡಿದರು. ಡಿಗ್ರಿ ಓದುವ ಹುಡುಗನೊಬ್ಬ ತಮಾಷೆಗೆ ಕೇಳಿದ, "ಅಣ್ಣಾ, ಇವು ಸಗಣಿ ಹಾಕ್ತವಾ?" ಎಲ್ಲರೂ ನಕ್ಕರು. ನಾನು ಹಾಕುತ್ತವೆ ಅಂದೆ. ಸದ್ದಿನ ಸಾರವೆಲ್ಲ ಹೋದ ಮೇಲೆ ಉಳಿದದ್ದು ಅದು, ಹಾಗಾಗಿ ಅದಕ್ಕೆ ಸದ್ದು ಅಂಟುವುದಿಲ್ಲ. ಊರವರು ಗೋಡೆಗೆ, ನೆಲಕ್ಕೆ ಅದನ್ನೇ ಸಾರಿಸುತ್ತಾರೆ. ಸಾರಿಸಿದ ಕೋಣೆಯಲ್ಲಿ ಆಡಿದ ಮಾತು ಉಳಿಯುವುದಿಲ್ಲ. ಹುಡುಗನ ಮುಖದಲ್ಲಿ ನಗು ಹೋಯಿತು. ಮುಂದಿನ ವಾರ ಅವನ ಪಾತ್ರ ಸಗಣಿ ವ್ಯಾಪಾರಕ್ಕೆ ಇಳಿಯಿತು. ಈಗ ನಮ್ಮ ಆಟದಲ್ಲಿ ಅವನಷ್ಟು ಶ್ರೀಮಂತ ಇನ್ನೊಬ್ಬ ಇಲ್ಲ.

ಮೇಯುವವರು ಇದ್ದ ಮೇಲೆ ಬೇಟೆಯಾಡುವವರೂ ಇರಬೇಕು. ಅಲ್ಲಿ ಸುಮ್ಮಣ್ಣ ಬಂದ. ನಮ್ಮ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಹಾವು ಅನ್ನುವುದಿಲ್ಲ, ಹುಳ ಅನ್ನುತ್ತಾರೆ. ಹಾವು ಕಚ್ಚಿದರೂ ಹುಳ ಮುಟ್ಟಿತು ಅನ್ನುತ್ತಾರೆ. ಹೆದರಿಕೆ ಜಾಸ್ತಿಯಾದಷ್ಟೂ ಹೆಸರು ಮೆತ್ತಗಾಗುತ್ತದೆ. ಉಲಿಬೈಲಿನವರು ಆ ಪ್ರಾಣಿಯ ನಿಜವಾದ ಹೆಸರು ಹೇಳುವುದಿಲ್ಲ. ಹೇಳಿದರೆ ಅದು ನೆಲದ ಮೇಲೆ ಉಳಿಯುತ್ತಲ್ಲ! ಅದಕ್ಕೇ ನೆಂಟರ ಥರ ಸುಮ್ಮಣ್ಣ ಅನ್ನುತ್ತಾರೆ. ಮೊದಲು ಅವನು ಮೆಲುಕಗಳನ್ನು ತಿನ್ನುತ್ತಾನೆ ಅಂತ ಬರೆದಿದ್ದೆ. ಸಪ್ಪೆ ಅನ್ನಿಸಿತು. ಅದು ಇನ್ನೊಂದು ಹುಲಿ ಅಷ್ಟೇ. ತುಕ್ಕುಮೂತಿ ನೆನಪಾಯಿತು. ಆಟಗಾರರಿಗೆ ಜೀವಕ್ಕಿಂತ ದೊಡ್ಡದು ಏನು? ಮಂತ್ರವಾದಿಗೆ ದನಿ. ಬಾಯಿಬಿಟ್ಟು ಹೇಳದಿದ್ದರೆ ಅವನ ಬಹುಪಾಲು ಮಂತ್ರ ನಡೆಯುವುದಿಲ್ಲ. ಆದ್ದರಿಂದ ಸುಮ್ಮಣ್ಣ ದನಿ ತಿನ್ನುತ್ತಾನೆ. ಕೊಲ್ಲುವುದಿಲ್ಲ. ಬಂದು, ತಿಂದು, ಹೋಗುತ್ತಾನೆ. ದನಿ ಹೋದವರು ಬದುಕಿರುತ್ತಾರೆ, ಸುಮ್ಮನಿರುತ್ತಾರೆ.

ಅವನ ಹಿಟ್ ಪಾಯಿಂಟು (ಎಷ್ಟು ಏಟು ತಡೆಯುತ್ತಾನೆ ಅನ್ನುವ ಅಂಕಿ), ಬಲ ಎಲ್ಲ ಕೇಳಬೇಡಿ. ಆಟದ ಪುಸ್ತಕದಲ್ಲಿರುವ ಕರಡಿಯ ಅಂಕಿಗಳನ್ನೇ ಎತ್ತಿಕೊಂಡೆ. ಅಂಕಿ ಕೊನೆಗೆ ಮಾಡುವ ಕೆಲಸ, ಸಾಲ ತಂದರೂ ನಡೆಯುತ್ತದೆ.

ಆದರೆ ಅವನನ್ನು ತೋರಿಸುವುದು ಹೇಗೆ? ಇದನ್ನು ನಾನು ಕಲಿತದ್ದು ಯಕ್ಷಗಾನದಿಂದ. ಬಣ್ಣದ ವೇಷದ ರಾಕ್ಷಸ ಬರುವುದು ನೋಡಿದ್ದೀರಾ? ಮುಖದ ಮೇಲೆ ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟು, ಗಂಟೆಗಟ್ಟಲೆ ಕೂತು ಬರೆದ ಬಣ್ಣ. ಅಷ್ಟು ಕಷ್ಟಪಟ್ಟದ್ದನ್ನು ಬಂದ ತಕ್ಷಣ ತೋರಿಸುವುದಿಲ್ಲ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಮೊದಲು ಚಂಡೆ, ಆರ್ಭಟೆ. ತೆರೆಯ ಮೇಲೆ ಕಿರೀಟದ ತುದಿ. ಒಂದು ಕೈ. ದೊಂದಿಗೆ ರಾಳದ ಪುಡಿ ಎಸೆದಾಗ ಭಗ್ಗನೆ ಬೆಳಕು, ಅರೆಕ್ಷಣ ಮುಖ. ಮತ್ತೆ ತೆರೆ. ತೆರೆ ಪೂರ್ತಿ ಇಳಿಯುವ ಹೊತ್ತಿಗೆ ಮಕ್ಕಳು ಅಜ್ಜಿಯ ಸೆರಗಿನೊಳಗೆ ಇರುತ್ತವೆ.

ರಾಕ್ಷಸ ಅಂದಾಗ ಒಂದು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ 1975ರಿಂದಲೇ ರಾಕ್ಷಸ ಇದ್ದಾನೆ, ಅದೇ ಹೆಸರಲ್ಲಿ. ಹುಲಿ ತಲೆ, ರೇಷ್ಮೆ ಬಟ್ಟೆ. ಅಂಗೈ ಇರಬೇಕಾದ ಕಡೆ ಕೈಯ ಬೆನ್ನು. ಹಳೆಯ ನಿಯಮದಲ್ಲಿ ಮಂತ್ರಿಸಿದ ಬಾಣವನ್ನು ಅಡ್ಡಬಿಲ್ಲಿನಿಂದ ಹೊಡೆದರೆ ಸಾಯುತ್ತಿದ್ದ. ಈ ಬಾಣದ ಉಪಾಯ ಬಂದದ್ದು 1974ರ ಒಂದು ಅಮೆರಿಕನ್ ಟಿವಿ ಧಾರಾವಾಹಿಯ ಕಂತಿನಿಂದ. ನಮ್ಮವನನ್ನು ಹೀಗೆ ಮಾಡಿದರಲ್ಲ ಅಂತ ನನಗೆ ಸಿಟ್ಟೇನಿಲ್ಲ, ಹುಲಿ ತಲೆ ಚೆನ್ನಾಗಿಯೇ ಇದೆ. ನನ್ನ ಬೇಜಾರು ಬೇರೆ. ನಮ್ಮ ರಾಕ್ಷಸರ ಕಥೆಯಲ್ಲಿ ಆಟಕ್ಕೆ ಹೇಳಿ ಮಾಡಿಸಿದ್ದು ಹಲ್ಲು, ಉಗುರು ಅಲ್ಲ, ವರ. ಹಗಲಲ್ಲ ರಾತ್ರಿಯಲ್ಲ, ಒಳಗಲ್ಲ ಹೊರಗಲ್ಲ, ಮನುಷ್ಯನಲ್ಲ ಮೃಗವಲ್ಲ. ಹಿರಣ್ಯಕಶಿಪು ವಕೀಲನ ಹಾಗೆ ಷರತ್ತು ಬರೆಸಿಕೊಂಡವನು! ಅದರಲ್ಲಿ ಸಂದಿ ಎಲ್ಲಿದೆ ಅಂತ ಹುಡುಕುವುದಕ್ಕಿಂತ ಒಳ್ಳೆಯ ಆಟ ಬೇಕಾ? ಅದನ್ನು ಬಿಟ್ಟು ಹುಲಿ ತಲೆ ಮಾತ್ರ ತಗೊಂಡು ಹೋದರು. ನೀವೂ ಬೇರೆಯವರ ಕಥೆಯಿಂದ ಜೀವಿ ತರುವಾಗ ವೇಷ ತಂದು ಒಳಗಿನದನ್ನು ಬಿಟ್ಟು ಬರಬೇಡಿ. ಇನ್ನೊಂದು, ಇದು ನನ್ನ ಸ್ವಂತ ಕಟ್ಟುಪಾಡು. ತುಳುನಾಡಿನ ದೈವಗಳನ್ನು ನಾನು ಆಟಕ್ಕೆ ತರುವುದಿಲ್ಲ. ಇವತ್ತಿಗೂ ಜನ ಕೈಮುಗಿದು ನ್ಯಾಯ ಕೇಳುವ ದೈವಕ್ಕೆ ನಾನು ಹಿಟ್ ಪಾಯಿಂಟು ಬರೆಯಲಾರೆ.

ತೆರೆಯ ವಿಷಯಕ್ಕೆ ವಾಪಸ್ ಬರೋಣ. ಸುಮ್ಮಣ್ಣ ಹತ್ತಿರ ಬಂದರೆ ಅಲ್ಲಿನ ಸದ್ದು ನೆಲಕ್ಕೆ ಇಳಿಯುವ ಮೊದಲೇ ಅವನ ಹೊಟ್ಟೆ ಸೇರುತ್ತದೆ. ಹಾಗಾಗಿ ಅವನು ಬಂದ ಅಂತ ನಾನು ಬಾಯಿಬಿಟ್ಟು ಹೇಳುವುದಿಲ್ಲ. ನಕ್ಷೆಯ ಮೇಲೆ ಹುಣಸೆಬೀಜ ಇಡುವುದನ್ನು ನಿಲ್ಲಿಸುತ್ತೇನೆ. ಅಷ್ಟೇ.

ನಮ್ಮ ನರ್ಸ್ ಹುಡುಗಿ ಇದ್ದಾಳಲ್ಲ, ಅವಳದು ಬೀಗ ಒಡೆಯುವವಳ ಪಾತ್ರ. ಆ ಪಾತ್ರದ ಅಪ್ಪ ಉಲಿಬೈಲಿನ ಒಂದು ಹೊಲದಲ್ಲಿ ಸತ್ತಿದ್ದ. ಕೊನೆಗೆ ಏನೋ ಹೇಳಿದ್ದ, ಕೇಳುವವರು ಯಾರೂ ಇರಲಿಲ್ಲ. ಅವಳು ಬರುವಷ್ಟರಲ್ಲಿ ಆ ಹೊಲವನ್ನು ಮೆಲುಕಗಳು ಮೇಯ್ದುಬಿಟ್ಟಿದ್ದವು. ಮೂರು ವಾರ ಆಡಿದರು ಆ ಹಿಂಡನ್ನು ಹುಡುಕಲು. ಕೊನೆಗೆ ಸಿಕ್ಕಿತು. ಸಂಜೆಯಾಗುವವರೆಗೆ ಎಲ್ಲರೂ ಆ ಪ್ರಾಣಿಯ ಸುತ್ತ ಕಾದು ಕೂತರು. ಅದು ಕಾಲು ಮಡಚಿ ಮಲಗಿತು. ಮೆಲುಕು ಹಾಕಲು ಶುರು ಮಾಡಿತು. ಸಂತೆಯ ಗದ್ದಲ ಬಂತು, ಯಾರದೋ ಸೀನು ಬಂತು, ಒಂದು ನಾಯಿ ಬೊಗಳಿತು. ಆಮೇಲೆ ಅಪ್ಪನ ದನಿ. "ಮಗಳೇ, ಬೀಗದ ಕೈ ನಾನು..."

ಅವಳು ನಕ್ಷೆ ನೋಡಿದಳು. ಆಮೇಲೆ ನನ್ನ ಕೈ ನೋಡಿದಳು. ಬೀಜದ ಡಬ್ಬದ ಮುಚ್ಚಳ ಹಾಕಿತ್ತು.

"ಅಣ್ಣಾ, ಬೀಜ ಯಾಕೆ ಇಡ್ತಿಲ್ಲ?"

ನಾನು ಏನೂ ಹೇಳಲಿಲ್ಲ. ಮೇಷ್ಟ್ರು ಮೆಲ್ಲಗೆ ಕುರ್ಚಿ ಹಿಂದೆ ಸರಿಸಿದರು, ಆ ಸದ್ದಿಗೂ ಎಲ್ಲರೂ ಬೆಚ್ಚಿದರು. ಮೆಲುಕ ಬಾಯಿ ಆಡಿಸುತ್ತಲೇ ಇತ್ತು. ದನಿ ಮಾತ್ರ ಬರುತ್ತಿರಲಿಲ್ಲ.

ಈಗ ಅವಳು ಬೇರೆ ಊರಿನ ಆಸ್ಪತ್ರೆಯಲ್ಲಿದ್ದಾಳೆ. ಊರಿಗೆ ಬಂದಾಗಲೆಲ್ಲ ಸಿಗುತ್ತಾಳೆ. ಸಿಕ್ಕಿದಾಗಲೆಲ್ಲ ಕೇಳುತ್ತಾಳೆ, "ಅಣ್ಣಾ, ಅಪ್ಪ ಏನು ಹೇಳೋಕೆ ಹೊರಟಿದ್ರು?"

ನನಗೂ ಗೊತ್ತಿಲ್ಲ. ನಾನು ಬರೆದುಕೊಂಡು ಹೋಗಿದ್ದೇ ಅಷ್ಟು.